ಚಿಕ್ಕಪ್ಪನ ಡೈರಿಯಲ್ಲಿ ಎಲಾಸ್ಟಿಕಾ

ಮಳೆಗಾಲ, ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ನಿಂತಿತ್ತು. ಹಾಗಾಗಿ ಸುಳ್ಯದಿಂದ ಚಿಕ್ಕಪ್ಪ ಬೆಂಗಳೂರಿಗೆ ಬಂದಿದ್ದರು. ಕಾಫಿ ಕುಡಿಯುತ್ತಾ ಬಾಲ್ಕನಿಗೆ ಹೋದವರು ನನ್ನ ರಬ್ಬರ್ ಗಿಡದ ಮುಂದೆ ನಿಂತುಬಿಟ್ಟರು.

"ಇದನ್ನು ರಬ್ಬರ್ ಅಂತ ಯಾರು ಹೇಳಿದ್ದು ಮಾರಾಯ್ತಿ? ರಬ್ಬರಿಗೆ ಒಂದು ತೊಟ್ಟಿನಲ್ಲಿ ಮೂರು ಎಲೆ ಇರ್ತದೆ."

ಅವರ ಮಾತನ್ನು ತಳ್ಳಿಹಾಕೋದು ಹೇಗೆ? ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋಗಿ, ತೊಗಟೆಯನ್ನು ತೆಳ್ಳಗೆ ಕೆತ್ತಿ, ಗೆರಟೆಯಲ್ಲಿ ಹಾಲು ಹಿಡಿದು ಮಕ್ಕಳನ್ನು ಓದಿಸಿದವರು ಅವರು. ನನ್ನದು ಸಿದ್ದಾಪುರದ ನರ್ಸರಿಯಿಂದ ತಂದ ಒಂದು ಕುಂಡ, ಅಷ್ಟೇ.

ಮರುದಿನ ಬೆಳಿಗ್ಗೆ ಇಬ್ಬರೂ ಲಾಲ್‌ಬಾಗಿಗೆ ಹೋದೆವು. ಹುಡುಕುತ್ತಾ ಸುತ್ತಿದ ಮೇಲೆ ಇದೇ ಗಿಡದ ದೊಡ್ಡ ಮರ ಸಿಕ್ಕಿತು. ಕೊಂಬೆಯಿಂದ ಬೇರು ಇಳಿಬಿಟ್ಟು ಥೇಟ್ ಆಲದ ಮರದ ಹಾಗೆ ನಿಂತಿತ್ತು. ಫಲಕದಲ್ಲಿ ಫೈಕಸ್ ಎಲಾಸ್ಟಿಕಾ ಎಂದಿತ್ತು.

ಫೈಕಸ್ ಅಂದರೆ ಲ್ಯಾಟಿನ್ನಿನಲ್ಲಿ ಅಂಜೂರ. ಆಲ, ಅರಳಿ, ಅತ್ತಿ ಎಲ್ಲವೂ ಅದೇ ಗುಂಪಿನವು. ಎಲಾಸ್ಟಿಕಾ ಅಂದರೆ ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವಂಥದ್ದು. ಕಲ್ಕತ್ತಾದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವಿಲಿಯಂ ರಾಕ್ಸ್‌ಬರ್ಗ್ ಕೊಟ್ಟ ಹೆಸರು. ನೋಡಿದ ಎಲೆಗಲ್ಲ, ಮುಟ್ಟಿದ ಹಾಲಿಗೆ ಕೊಟ್ಟ ಹೆಸರು ಅದು. ನನಗೆ ಅದು ತುಂಬಾ ಇಷ್ಟ.

ಚಿಕ್ಕಪ್ಪನಿಗೆ ಉಳಿದದ್ದನ್ನೂ ಹೇಳಿದೆ. ಒಂದು ಕಾಲದಲ್ಲಿ ಅಸ್ಸಾಮಿನಲ್ಲಿ ಈ ಮರದಿಂದಲೇ ರಬ್ಬರ್ ತೆಗೆಯುತ್ತಿದ್ದರು. 1870ರ ದಶಕದಲ್ಲಿ ಇದರ ತೋಟವನ್ನೂ ಮಾಡಿದ್ದರು. ಆದರೆ 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲ್‌ನಿಂದ ಸುಮಾರು 70,000 ಬೀಜ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಅದು ಹೆವಿಯಾ ಬ್ರೆಸಿಲಿಯೆನ್ಸಿಸ್, ಚಿಕ್ಕಪ್ಪನ ತೋಟದ ಮರ. ಅದರ ಹಾಲಿನ ಮುಂದೆ ಇದು ಹಿಂದೆ ಬಿತ್ತು. ಈಗ ಕುಂಡದಲ್ಲಿ ಅಂದಕ್ಕೆ ಬೆಳೆಸುತ್ತಾರೆ. ಮೇಘಾಲಯದಲ್ಲಿ ಮಾತ್ರ ಖಾಸಿ, ಜೈಂತಿಯಾ ಜನ ಇದರ ಬೇರುಗಳನ್ನೇ ಹೊಳೆಯಾಚೆಗೆ ಹಾಯಿಸಿ, ವರ್ಷಗಟ್ಟಲೆ ಬೆಳೆಸಿ ಸೇತುವೆ ಮಾಡಿಕೊಂಡಿದ್ದಾರೆ.

"ಅಂದ್ರೆ ನಮ್ಮದು ಹೊರಗಿಂದ ಬಂದದ್ದು, ಇದೇ ಈ ದೇಶದ್ದು, ಅಲ್ವಾ?" ಎಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಸಂಜೆ ಬಾಲ್ಕನಿಯಲ್ಲಿ ಒಂದು ಹಳೆಯ ಎಲೆ ಮುರಿದರು. ತೊಟ್ಟಿನ ತುದಿಯಲ್ಲಿ ಬಿಳಿ ಹನಿ ಉಬ್ಬಿತು. ಕಣ್ಣಿಗೆ ತಾಗಿದರೆ ಉರಿ, ಹುಷಾರು ಎಂದೆ. ನಕ್ಕರು. ಹೆಬ್ಬೆರಳು, ತೋರುಬೆರಳ ನಡುವೆ ಹನಿಯನ್ನು ಮೆಲ್ಲಗೆ ಉಜ್ಜಿದರು. ಹಾಲು ಮೊದಲು ಅಂಟಾಯಿತು, ಆಮೇಲೆ ಬಿಗಿಯಿತು. ಬೆರಳು ಅಗಲಿಸಿದರು. ನಡುವೆ ಒಂದು ಎಳೆ ಬಂತು. ಒಂದಿಂಚು ಹಿಗ್ಗಿ ಕಡಿದು, ಸುರುಟಿಕೊಂಡು ಬೆರಳಿಗೇ ವಾಪಸ್ಸಾಯಿತು.

"ಹಲಸಿನ ಮೇಣದ ಹಾಗೆ ಉಂಟು."

ಹಲಸೂ ಇದೇ ಕುಟುಂಬದ ಮರ ಎಂದಾಗ ಅವರ ಮುಖ ಅರಳಿತು.

ಮಲಗುವ ಮುಂಚೆ ಬ್ಯಾಗಿನಿಂದ ಡೈರಿ ತೆಗೆದರು. ಯಾವ ದಿನ ಕೆತ್ತಿದ್ದು, ಎಷ್ಟು ರಬ್ಬರ್ ಶೀಟ್ ಆಯ್ತು ಎಂದು ಬರೆದಿಡುವ ಡೈರಿ. ಆ ತಿಂಗಳ ಪುಟ ಖಾಲಿ ಇತ್ತು. "ಆ ಹೆಸರು ಇನ್ನೊಮ್ಮೆ ಹೇಳು" ಎಂದರು. ನಾನು ಬಿಡಿಸಿ ಬಿಡಿಸಿ ಹೇಳಿದೆ. ಅವರು ದುಂಡಗಿನ ಕನ್ನಡ ಅಕ್ಷರದಲ್ಲಿ ಫೈಕಸ್ ಎಲಾಸ್ಟಿಕಾ ಎಂದು ಬರೆದು, ಪಕ್ಕದಲ್ಲಿ "ಎಳೆ ಬರ್ತದೆ" ಎಂದು ಸೇರಿಸಿದರು.