ಮುಚ್ಚಳವಿಲ್ಲದ್ದಕ್ಕೆ ಹಸಿರು ದೀಪ

2024 ಜೂನ್ 12, ಬುಧವಾರ
ಪೀಣ್ಯ, ಬೆಂಗಳೂರು

ಸಿಮ್ ಮುಚ್ಚಳವೇ ಇಲ್ಲದ ಸ್ಕ್ಯಾನರ್ ಒಂದು ಇಂದು ಸೋರಿಕೆ ಪರೀಕ್ಷೆಯಲ್ಲಿ ಪಾಸಾಯಿತು. ಪಾಸೇನು, ಇಡೀ ದಿನದ ಅತ್ಯುತ್ತಮ ಅಂಕ ಅದರದೇ.

ಗೋದಾಮುಗಳಲ್ಲಿ ಕೈಯಲ್ಲಿ ಹಿಡಿದು ಓಡಾಡುವ ಬಾರ್‌ಕೋಡ್ ಸ್ಕ್ಯಾನರ್ ಇದು. ಬೆನ್ನ ಮೇಲೆ ಐಪಿ67 ಎಂದಿದೆ. 6 ಎಂದರೆ ದೂಳು ಒಳಗೆ ಹೋಗಕೂಡದು. 7 ಎಂದರೆ ಒಂದು ಮೀಟರ್ ನೀರಿನಡಿ 30 ನಿಮಿಷ ಇಟ್ಟರೂ ಕೆಡಕೂಡದು. ಹಾಗೆಂದು ತಯಾರಾದದ್ದನ್ನೆಲ್ಲ ನೀರಿಗೆ ಹಾಕಲಾಗದು. ಸೋರಿದ್ದು ಅಲ್ಲೇ ಸಾಯುತ್ತದೆ, ಸೋರದ್ದನ್ನು ಒಣಗಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಅದಕ್ಕೇ ಗಾಳಿ. ಸ್ಕ್ಯಾನರಿನ ಆಕಾರಕ್ಕೇ ಕೊರೆದ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿ, ಗಾಳಿ ಬಿಟ್ಟು ನೀರು ತಡೆಯುವ ಪುಟ್ಟ ಪೊರೆಯನ್ನು ರಬ್ಬರಿನಿಂದ ಒತ್ತಿ ಮುಚ್ಚಿ, ಸುತ್ತ 10 ಕಿಲೋಪ್ಯಾಸ್ಕಲ್ ಗಾಳಿ ತುಂಬುತ್ತೇವೆ. ಒಂದು ಮೀಟರ್ ನೀರಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಗಾಳಿ ಸ್ಕ್ಯಾನರಿನೊಳಗೆ ನುಸುಳಿದರೆ ಹೊರಗಿನ ಒತ್ತಡ ಇಳಿಯುತ್ತದೆ. ನಮ್ಮ ಮಿತಿ 40 ಪ್ಯಾಸ್ಕಲ್.

ಚೆನ್ನಾಗಿರುವವು ಐದಾರು ಪ್ಯಾಸ್ಕಲ್ ಇಳಿದವು. ಮುಚ್ಚಳವಿಲ್ಲದ್ದು? ಎರಡು!

ಬೆಳಿಗ್ಗೆಯೇ ಒಮ್ಮೆ ಮೋಸ ಹೋಗಿದ್ದೆ. ಯಾರದೋ ಅಂಗೈಯಲ್ಲಿ ಬೆಚ್ಚಗಾದ ಸ್ಕ್ಯಾನರನ್ನು ಪೆಟ್ಟಿಗೆಗೆ ಹಾಕಿದ್ದರಿಂದ ಒತ್ತಡ ಇಳಿಯುವ ಬದಲು ಏರಿತ್ತು. ಮುಚ್ಚಿದ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಮುನ್ನೂರು ಪ್ಯಾಸ್ಕಲಿಗೂ ಹೆಚ್ಚು ಏರುತ್ತದೆ, ನಮ್ಮ 40 ಅದರ ಮುಂದೆ ಯಾವ ಲೆಕ್ಕ? ಇದೂ ಅದೇ ಕಥೆ ಎಂದುಕೊಂಡು ಕಾಯಿಸಿದೆ, ತಣಿಸಿದೆ, ಮೇಲಿನ ಫ್ಯಾನನ್ನೂ ಆರಿಸಿದೆ. ಮತ್ತೆ ಎರಡೇ.

ತರಬೇತಿಗೆ ಬಂದಿರುವ ಹುಡುಗಿ ಆಗ ಕೇಳಿದಳು: “ಇಷ್ಟು ದೊಡ್ಡ ಬಾಯಿ ಇದ್ದರೆ ತುಂಬುವಾಗಲೇ ಒಳಗೂ ತುಂಬಿಬಿಡುವುದಿಲ್ಲವೇ, ಸರ್?”

ತುಂಬಿಬಿಡುತ್ತದೆ. ನಾವು ಅಳೆಯಲು ಶುರುಮಾಡುವ ಹೊತ್ತಿಗೆ ಒಳಗೂ ಹೊರಗೂ ಒಂದೇ ಒತ್ತಡ. ಇನ್ನು ಇಳಿಯುವುದಕ್ಕೆ ಏನಿದೆ? ಕೂದಲೆಳೆಯ ಬಿರುಕನ್ನು ಹಿಡಿಯುವ ಯಂತ್ರಕ್ಕೆ ಹೆಬ್ಬಾಗಿಲು ಕಾಣುವುದಿಲ್ಲ. ಹನ್ನೊಂದು ವರ್ಷದ ಅನುಭವವೆಂದು ಹೇಳಿಕೊಳ್ಳುವ ನನಗೂ ಕಾಣಲಿಲ್ಲ.

ಮಧ್ಯಾಹ್ನ ಪೈಪುಗಳನ್ನು ಬದಲಿಸಿದೆವು. ಮೊದಲು 50 ಮಿಲಿಲೀಟರಿನ ಬೇರೆ ತೊಟ್ಟಿಯಲ್ಲಿ 16 ಕಿಲೋಪ್ಯಾಸ್ಕಲ್ ತುಂಬಿ, ಆಮೇಲೆ ಪೆಟ್ಟಿಗೆಯತ್ತ ಕವಾಟ ತೆರೆಯುವುದು. ಸ್ಕ್ಯಾನರಿನ ಸುತ್ತ ಉಳಿದ ಜಾಗ 30 ಮಿಲಿಲೀಟರ್. ಗಾಳಿ ಅಷ್ಟಕ್ಕೇ ಹರಡಿದರೆ ಒತ್ತಡ 10ಕ್ಕೆ ನಿಲ್ಲಬೇಕು. ಒಳಗಿನ 20 ಮಿಲಿಲೀಟರೂ ಸೇರಿಕೊಂಡರೆ 8. ಮುಚ್ಚಳವಿಲ್ಲದ್ದನ್ನು ಮತ್ತೆ ಮಲಗಿಸಿದೆವು. ಮುಳ್ಳು 8ರ ಹತ್ತಿರ ನಿಂತಿತು, ಕೆಂಪು ದೀಪ ಹೊತ್ತಿತು.

ಹುಡುಗಿ ಆ ಸ್ಕ್ಯಾನರಿಗೆ ಕೆಂಪು ಬಣ್ಣ ಬಳಿದು ಮೇಜಿನ ಮೇಲೆ ಒಣಗಲು ಇಟ್ಟಿದ್ದಾಳೆ. ನಾಳೆಯಿಂದ ದಿನದ ಮೊದಲ ಪರೀಕ್ಷೆ ಅದರದೇ. ಈ ವಾರ ಹಸಿರು ದೀಪ ಪಡೆದು ಪೆಟ್ಟಿಗೆ ಸೇರಿದವನ್ನೂ ಬಿಚ್ಚಬೇಕು. ಇದನ್ನು ಮೇಲಿನವರಿಗೆ ಇನ್ನೂ ಹೇಳಿಲ್ಲ.