ಮಿನಿಮಮ್ ಡ್ಯೂ ಕಟ್ಟಿದರೆ ಸಾಲ ಇಳಿಯುತ್ತದೆಯೇ?

ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ: ಟೋಟಲ್ ಡ್ಯೂ (ಪೂರ್ತಿ ಬಾಕಿ), ಮಿನಿಮಮ್ ಡ್ಯೂ (ಕನಿಷ್ಠ ಕಟ್ಟಲೇಬೇಕಾದ ಮೊತ್ತ). ಎರಡನೆಯದನ್ನು ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಲೆಕ್ಕ ಹಾಕಿ ನೋಡಿ. ಜೂನ್ 5ರಂದು 40,000 ರೂಪಾಯಿಯ ಫ್ರಿಜ್ ಕೊಂಡಿರಿ. ಬಿಲ್ 20ಕ್ಕೆ, ಕಟ್ಟುವ ಕೊನೆಯ ದಿನ ಜುಲೈ 8. ಅಂದು ಮಿನಿಮಮ್ ಡ್ಯೂ ಆದ ಶೇ 5, ಅಂದರೆ 2,000 ಮಾತ್ರ ಕಟ್ಟಿದಿರಿ. ಬಡ್ಡಿ ತಿಂಗಳಿಗೆ ಶೇ 3.5 ಎಂದಿಟ್ಟುಕೊಂಡರೆ, ಅದು ಓಡುವುದು ಜುಲೈ 8ರಿಂದಲ್ಲ, ಕೊಂಡ ದಿನದಿಂದಲೇ. ಜುಲೈ 20ರ ಬಿಲ್ಲಿನಲ್ಲಿ ಬಡ್ಡಿ, ಅದರ ಮೇಲಿನ ಶೇ 18 ಜಿಎಸ್‌ಟಿ ಸೇರಿ 2,300ಕ್ಕೂ ಹೆಚ್ಚು ಬಂದಿರುತ್ತದೆ. ಕಟ್ಟಿದ 2,000 ಅದಕ್ಕೇ ಸಾಲದು; ಬಾಕಿ ಮತ್ತೆ 40,000 ದಾಟುತ್ತದೆ! ಅಷ್ಟೇ ಅಲ್ಲ, ಬಾಕಿ ಇರುವವರೆಗೆ ಹೊಸದಾಗಿ ಕೊಂಡ ದಿನಸಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ.

ಆದ್ದರಿಂದ ಆಟೋಪೇ (ಖಾತೆಯಿಂದ ಬಿಲ್ ತಾನಾಗಿಯೇ ಕಟ್ಟಿಹೋಗುವ ವ್ಯವಸ್ಥೆ) ಹಾಕುವಾಗ 'ಟೋಟಲ್ ಡ್ಯೂ' ಆರಿಸಿದ್ದೀರಾ ಎಂದು ದಯವಿಟ್ಟು ನೋಡಿಕೊಳ್ಳಿ. ಸಂಬಳಕ್ಕೆ ಮುಂಚೆಯೇ ಗಡುವು ಬೀಳುತ್ತಿದ್ದರೆ ಬಿಲ್ಲಿಂಗ್ ದಿನ ಬದಲಿಸಲು ಬ್ಯಾಂಕಿಗೆ ಕೇಳಿ. ಆರ್‌ಬಿಐ ನಿಯಮದಂತೆ ಒಮ್ಮೆಯಾದರೂ ಆ ಅವಕಾಶ ಕೊಡಲೇಬೇಕು. ಇನ್ನು ಕ್ರೆಡಿಟ್ ಕಾರ್ಡ್ ಬಳಸಿ ಎಟಿಎಂನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ: ಶುಲ್ಕ ಬೇರೆ, ಬಡ್ಡಿ ಅಂದಿನಿಂದಲೇ.