ಎರಡು ಯುಗಾದಿ ಬಂದ ವರ್ಷ

ತುಮಕೂರಿನ ಮಂಡಿಪೇಟೆಯಲ್ಲಿ ಬೇಳೆ, ಬೆಲ್ಲದ ಹೋಲ್‌ಸೇಲ್ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ತಿಂಗಳ ಕೊನೆಗೆ ಯಜಮಾನರಿಗೆ ಒಂದು ಹಾಳೆ ಕೊಡಬೇಕು. ಏಪ್ರಿಲ್ 1ರಿಂದ ಇವತ್ತಿನವರೆಗೆ ಎಷ್ಟು ವ್ಯಾಪಾರ, ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು. ಅವರು ಮೊದಲು ನೋಡುವುದೇ ಕೊನೆಯ ಕಾಲಂ, ಜಾಸ್ತಿಯೋ ಕಮ್ಮಿಯೋ ಅಂತ.

2025ರ ಏಪ್ರಿಲ್ ಹಾಳೆ ನೋಡಿ ಕನ್ನಡಕ ತೆಗೆದಿಟ್ಟರು. "ಏನಪ್ಪಾ ಇದು, ಬೇಳೆ, ಬೆಲ್ಲ ಎರಡೂ ಇಷ್ಟು ಬಿದ್ದಿದೆ? ಗಿರಾಕಿಗಳು ಯಾರಾದ್ರೂ ಕೈಬಿಟ್ರಾ?"

ಯಾರೂ ಬಿಟ್ಟಿರಲಿಲ್ಲ. ತಾರೀಖೂ ಸರಿಯಾಗಿತ್ತು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಆಲ್ಟ್ ಸಿ ಒತ್ತಿ ಪಕ್ಕದ ಕಾಲಂ ತೆಗೆದು, ಅವಧಿ 1-4-2024ರಿಂದ 30-4-2024 ಅಂತಲೇ ಕೊಟ್ಟಿದ್ದೆ. (ಸುಮಾರು ಜನ ಎಡವುವುದು ಇಲ್ಲೇ. ಈ ವರ್ಷದ ಆರು ತಿಂಗಳನ್ನು ಹೋದ ವರ್ಷದ ಹನ್ನೆರಡು ತಿಂಗಳ ಪಕ್ಕ ಇಟ್ಟು, ವ್ಯಾಪಾರ ಅರ್ಧಕ್ಕರ್ಧ ಬಿತ್ತು ಅಂತ ಗಾಬರಿಯಾಗುತ್ತಾರೆ.) ಆಟ ಆಡಿಸಿದ್ದು ಯುಗಾದಿ.

2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ. ಚಿಲ್ಲರೆ ಅಂಗಡಿಯವರು ಒಬ್ಬಟ್ಟಿನ ಸಾಮಾನು ಎತ್ತುವುದು ಹಬ್ಬಕ್ಕೆ ಒಂದು ವಾರ ಇದ್ದಾಗ. ಹಾಗಾಗಿ ಬಹುಪಾಲು ಬಿಲ್ಲು ಏಪ್ರಿಲ್‌ನಲ್ಲೇ ಬಿದ್ದವು. 2025ರಲ್ಲಿ ಯುಗಾದಿ ಮಾರ್ಚ್ 30. ಹಬ್ಬದ ವ್ಯಾಪಾರವೆಲ್ಲ ಮಾರ್ಚ್ 31ಕ್ಕೆ ಮುಗಿಯುವ ಹಳೇ ವರ್ಷದ ಪುಸ್ತಕಕ್ಕೇ ಹೋಯಿತು. ಏಪ್ರಿಲ್‌ಗೆ ಉಳಿದದ್ದು ಹಬ್ಬ ಕಳೆದ ಮೇಲಿನ ಸಪ್ಪೆ ದಿನಗಳು.

ಇನ್ನೂ ತಮಾಷೆ ಅಂದ್ರೆ, 2023ರ ಯುಗಾದಿ ಮಾರ್ಚ್ 22. ಅಂದರೆ 2023-24ರ ಲೆಕ್ಕದ ವರ್ಷದಲ್ಲಿ ಯುಗಾದಿಯೇ ಇಲ್ಲ, 2024-25ರಲ್ಲಿ ಎರಡು! ಆ ವರ್ಷದ ಕೊನೆಯ ಹಾಳೆ ನೋಡಿ ಯಜಮಾನರು ಖುಷಿಯಾಗಿದ್ದರು. ಆಗ ಯಾಕೆ ಅಂತ ಕೇಳಲಿಲ್ಲ. ಜಾಸ್ತಿ ಬಂದಾಗ ಕಾರಣ ಯಾರಿಗೆ ಬೇಕು ಅಲ್ವಾ?

ಚಾಂದ್ರಮಾನ ವರ್ಷ ಗೋಡೆ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಅಧಿಕ ಮಾಸ ಬಂದಾಗ ಹಬ್ಬ ಮತ್ತೆ ಮುಂದಕ್ಕೆ ಹೋಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂತು, ಮುಂದಿನ ಯುಗಾದಿ ಮಾರ್ಚ್ 31 ದಾಟಿತು. ಗಣೇಶನ ಹಬ್ಬ, ದೀಪಾವಳಿಯೂ ಹೀಗೇ ಓಡಾಡುತ್ತವೆ. ಆದರೆ ಅವು ವರ್ಷದ ನಡುವೆ ಬರುವುದರಿಂದ ಒಂದೆರಡು ತಿಂಗಳಲ್ಲಿ ಲೆಕ್ಕ ಸರಿಹೋಗುತ್ತದೆ. ಯುಗಾದಿಗೆ ಆ ಅನುಕೂಲ ಇಲ್ಲ.

ಈಗ ಹಾಳೆಯ ಕೆಳಗೆ ಇನ್ನೊಂದು ಸಾಲು ಹಾಕುತ್ತೇನೆ. ಯುಗಾದಿಗೆ ಮುಂಚಿನ 15 ದಿನದ ವ್ಯಾಪಾರ, ಅದು ಮಾರ್ಚ್‌ನಲ್ಲಿರಲಿ ಏಪ್ರಿಲ್‌ನಲ್ಲಿರಲಿ, ಈ ಹಬ್ಬದ ಪಕ್ಕ ಹೋದ ಹಬ್ಬ. ರೂಪಾಯಿ ಪಕ್ಕ ಕ್ವಿಂಟಾಲ್ ಕೂಡ. ಬೇಳೆ ರೇಟು ಏರಿದರೆ ಚೀಲ ಕಮ್ಮಿ ಹೋಗಿದ್ದರೂ ರೂಪಾಯಿ ಜಾಸ್ತಿ ತೋರಿಸುತ್ತದೆ, ಸುಮ್ನೆ ಮೋಸ ಹೋಗುತ್ತೇವೆ.

2026ರ ಯುಗಾದಿ ಮಾರ್ಚ್ 19ಕ್ಕೆ, 2027ರದ್ದು ಏಪ್ರಿಲ್ 7ಕ್ಕೆ. ಅಲ್ಲಿಗೆ 2026-27ಕ್ಕೂ ಯುಗಾದಿ ಇಲ್ಲ, ಅದರ ಮುಂದಿನ ವರ್ಷಕ್ಕೆ ಮತ್ತೆ ಎರಡು. ಯಜಮಾನರಿಗೆ ಈಗಲೇ ಹೇಳಿಟ್ಟಿದ್ದೇನೆ. "ಇದನ್ನೊಂದು ಪೇಪರಲ್ಲಿ ಬರೆದಿಡಪ್ಪ, ಬ್ಯಾಂಕಲ್ಲಿ ಓವರ್‌ಡ್ರಾಫ್ಟ್ ಸಾಲ ರಿನ್ಯೂ ಮಾಡಿಸೋವಾಗ ಬೇಕಾಗುತ್ತೆ" ಅಂದರು.